ಬ್ಲಾಗಿಗೆ ವಿಷಯ ಎಲ್ಲಿಂದ ತರುವುದು? ಒಂದೇ ಪ್ರಶ್ನೆಯಿಂದ ವರ್ಷವಿಡೀ ಬರೆಯುವ ದಾರಿ, ಹಂತ ಹಂತವಾಗಿ

"ವಿಷಯಾನೇ ಸಿಗ್ತಿಲ್ಲ." ಕನ್ನಡದಲ್ಲಿ ಬ್ಲಾಗ್ ಶುರು ಮಾಡಿದವರು ಐದಾರು ಬರಹ ಆದ ಮೇಲೆ ಹೇಳುವ ಮಾತು ಇದು. ನನ್ನ ಹತ್ತಿರ ಸಲಹೆ ಕೇಳಿದವರ ನೋಟ್‌ಬುಕ್ ತೆಗೆಸಿ ನೋಡಿದ್ದೇನೆ. ಮೂವತ್ತು ನಲವತ್ತು ಶೀರ್ಷಿಕೆ ಬರೆದಿಟ್ಟಿರುತ್ತಾರೆ. ಆದರೆ ಒಂದನ್ನೂ ಬರೆಯಲು ಕೈ ಓಡುವುದಿಲ್ಲ. ಈ ಶೀರ್ಷಿಕೆ ಯಾರಿಗೆ ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ಎಡವುವುದು ಕ್ರಮದಲ್ಲಿ. ಮೊದಲು ಶೀರ್ಷಿಕೆ, ಆಮೇಲೆ ಬರಹ, ಕೊನೆಗೆ ಓದುಗರನ್ನು ಹುಡುಕುವುದು ಅಂತ ಹೊರಡುತ್ತಾರೆ. ನೀವು ಇದನ್ನು ತಿರುಗಿಸಿ. ಮೊದಲು ಓದುಗರು, ಆಮೇಲೆ ಅವರ ಪ್ರಶ್ನೆ, ಆಮೇಲೆ ಅವರು ಆಡುವ ಪದ. ಈ ಮಾರ್ಗದರ್ಶಿಯಲ್ಲಿ ಶೀರ್ಷಿಕೆ ಬರುವುದೇ ಐದನೇ ಹಂತದಲ್ಲಿ. ಅಲ್ಲಿವರೆಗೆ ದಯವಿಟ್ಟು ಒಂದೂ ಶೀರ್ಷಿಕೆ ಬರೆಯಬೇಡಿ.

ಉದಾಹರಣೆಗೆ ಒಂದೇ ಬ್ಲಾಗನ್ನು ಕೊನೆವರೆಗೆ ಇಟ್ಟುಕೊಳ್ಳುತ್ತೇನೆ: ಬೇರೆ ಜಿಲ್ಲೆಯಿಂದ ಬೆಂಗಳೂರಿಗೆ ಬಂದು ಮೊದಲ ಸಲ ಬಾಡಿಗೆ ಮನೆ ಹಿಡಿಯುವವರಿಗಾಗಿ ಬರೆಯುವ ಬ್ಲಾಗ್. ನಿಮ್ಮದು ತಾರಸಿ ತೋಟ ಇರಬಹುದು, ಅಡುಗೆ ಇರಬಹುದು, ಪರೀಕ್ಷೆ ತಯಾರಿ ಇರಬಹುದು. ಹಂತಗಳು ಬದಲಾಗುವುದಿಲ್ಲ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್. ಮನೆಗೆ ಬಂದು ತುಂಬಿಸಲು ಒಂದು ಗೂಗಲ್ ಶೀಟ್. ನಿಮ್ಮ ಬ್ಲಾಗಿಗೆ ಜೋಡಿಸಿದ ಗೂಗಲ್ ಸರ್ಚ್ ಕನ್ಸೋಲ್. ಪದಗಳನ್ನು ಹೋಲಿಸಲು ಗೂಗಲ್ ಟ್ರೆಂಡ್ಸ್. ಗೂಗಲ್‌ನ ಈ ಮೂರೂ ಉಚಿತ.

ಸರ್ಚ್ ಕನ್ಸೋಲನ್ನು ಇವತ್ತೇ ಜೋಡಿಸಿ. ಜನ ಏನು ಹುಡುಕಿದಾಗ ನಿಮ್ಮ ಬರಹ ಕಾಣಿಸಿತು ಅನ್ನುವ ಲೆಕ್ಕವನ್ನು ಅದು 16 ತಿಂಗಳವರೆಗೆ ಇಟ್ಟುಕೊಳ್ಳುತ್ತದೆ. ಎಂಟನೇ ಹಂತಕ್ಕೆ ಬಂದಾಗ ಆ ಲೆಕ್ಕ ಬೇಕೇ ಬೇಕು.

ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಅಂತ ತೋರಿಸುವ, ದುಡ್ಡು ಕೊಟ್ಟು ಕೊಳ್ಳುವ ಕೀವರ್ಡ್ ಸಾಧನ ಈಗ ಬೇಡ. ಕನ್ನಡದ ಹುಡುಕಾಟಕ್ಕೆ ಅಲ್ಲಿ ಎಷ್ಟೋ ಸಲ ಸೊನ್ನೆ ಅಂತ ಬರುತ್ತದೆ. ಆ ಸೊನ್ನೆ ನೋಡಿ ಒಳ್ಳೆ ವಿಷಯ ಕೈಬಿಟ್ಟವರನ್ನು ಕಂಡಿದ್ದೇನೆ. ಸಾಧನಕ್ಕೆ ಕಾಣದ ಓದುಗರು ನಮಗೆ ಜಾಸ್ತಿ ಇದ್ದಾರೆ.

## ಹಂತ 1: ಓದುಗರನ್ನು ಒಂದು ವಾಕ್ಯದಲ್ಲಿ ಹಿಡಿಯಿರಿ

"ಬೆಂಗಳೂರಿನಲ್ಲಿರುವ ಕನ್ನಡಿಗರಿಗೆ" ಅಂದರೆ ಯಾರಿಗೂ ಅಲ್ಲ. ಬಾಡಿಗೆ ಮನೆ ವಿಷಯವನ್ನೇ ನೋಡಿ. ವಿಜಯನಗರ, ಚಂದ್ರಾ ಲೇಔಟ್ ಕಡೆ ಕೋಚಿಂಗ್‌ಗೆ ಬಂದ ರಾಯಚೂರಿನ ಹುಡುಗ ಇದ್ದಾನೆ. ಪೀಣ್ಯದಲ್ಲಿ ಕೆಲಸ ಸಿಕ್ಕಿ, ಚಿಕ್ಕ ಮಗು ಕರೆದುಕೊಂಡು ಬಂದ ದಂಪತಿ ಇದ್ದಾರೆ. ಮಗಳನ್ನು ಇಲ್ಲಿನ ಕಾಲೇಜಿಗೆ ಸೇರಿಸಿ, ಹಾಸನದಿಂದಲೇ ಫೋನಿನಲ್ಲಿ ಮನೆ ಹುಡುಕುತ್ತಿರುವ ಅಪ್ಪ ಇದ್ದಾರೆ. ಮೂವರಿಗೂ ಬೇಕಾದದ್ದು ಮನೆ. ಆದರೆ ಹುಡುಗನಿಗೆ ಮೂರು ಜನ ಸೇರಿ ಇದ್ದರೆ ಓನರ್ ಒಪ್ಪುತ್ತಾರಾ ಅನ್ನುವ ಚಿಂತೆ. ದಂಪತಿಗೆ ನೀರು ಎಷ್ಟು ಹೊತ್ತು ಬರುತ್ತದೆ ಅನ್ನುವ ಚಿಂತೆ. ಅಪ್ಪನಿಗೆ ರಾತ್ರಿ ಬಸ್ ಸ್ಟಾಪಿನಿಂದ ಮನೆಗೆ ದಾರಿ ಹೇಗಿದೆ ಅನ್ನುವ ಚಿಂತೆ.

ಒಬ್ಬರನ್ನು ಆರಿಸಿ. ಮೊದಲ ಆರು ತಿಂಗಳು ಅವರಿಗೇ ಬರೆಯಿರಿ. ವಾಕ್ಯ ಹೀಗಿರಲಿ: "ಉತ್ತರ ಕರ್ನಾಟಕದಿಂದ ಪೀಣ್ಯಕ್ಕೆ ಕೆಲಸಕ್ಕೆ ಬಂದು, ಹದಿನೈದು ದಿನದಲ್ಲಿ ಮನೆ ಹಿಡಿಯಲೇಬೇಕಾದ, ಬೆಂಗಳೂರಿನ ರೂಢಿ ಗೊತ್ತಿಲ್ಲದ ದಂಪತಿ." ಯಾರು, ಎಲ್ಲಿಂದ, ಎಷ್ಟು ಅವಸರದಲ್ಲಿ, ಏನು ಗೊತ್ತಿಲ್ಲ ಅನ್ನುವ ನಾಲ್ಕೂ ಅದರಲ್ಲಿದೆ.

ವಾಕ್ಯ ಸರಿ ಇದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ. ಇಂಥ ಮೂವರಿಗೆ ನೀವು ಇವತ್ತು ಸಂಜೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಬಲ್ಲಿರಾ? ಆಗದಿದ್ದರೆ ಓದುಗರನ್ನು ಬದಲಿಸಿ. ಗುರುತೇ ಇಲ್ಲದವರಿಗೆ ಬರೆಯಲು ಕೂತರೆ ಹತ್ತನೇ ಬರಹಕ್ಕೆ ಮತ್ತೆ ಇದೇ ಜಾಗಕ್ಕೆ ಬಂದು ನಿಲ್ಲುತ್ತೀರಿ.

## ಹಂತ 2: ಹತ್ತು ದಿನ ಬರೀ ಕೇಳಿಸಿಕೊಳ್ಳಿ

ಇದು ಬೇಸರದ ಹಂತ. ಅದಕ್ಕೇ ಎಲ್ಲರೂ ಹಾರಿಸುತ್ತಾರೆ. ಹಾರಿಸಿದವರೇ "ವಿಷಯ ಸಿಗ್ತಿಲ್ಲ" ಅನ್ನುವವರು.

ನಿಮ್ಮ ಫೋನಿನಿಂದ ಶುರು ಮಾಡಿ. ಊರಿನವರ ವಾಟ್ಸಾಪ್ ಗುಂಪು ಇದ್ದೇ ಇರುತ್ತದೆ ಅಲ್ವಾ? ಅದರ ಹುಡುಕು ಜಾಗದಲ್ಲಿ "ಬಾಡಿಗೆ", "ಮನೆ ಇದ್ರೆ", "ಗೊತ್ತಾ", "ಯಾರಾದ್ರೂ" ಅಂತ ಹಾಕಿ. ಎರಡು ವರ್ಷದ ಪ್ರಶ್ನೆಗಳು ಒಟ್ಟಿಗೆ ಕಣ್ಣ ಮುಂದೆ ಬರುತ್ತವೆ.

ಆಮೇಲೆ ಹೊರಗೆ ಹೋಗಿ. ಸರ್ಕಾರಿ ಸೇವೆ ಕೊಡುವ ಬೆಂಗಳೂರು ಒನ್ ಕೇಂದ್ರದ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಕೌಂಟರಿನಲ್ಲಿ ಜನ ಏನು ಕೇಳುತ್ತಾರೆ ಅಂತ ಕಿವಿಗೆ ಬೀಳುತ್ತದೆ. ಬಾಡಿಗೆ ಕರಾರು ಟೈಪ್ ಮಾಡಿಕೊಡುವ ಜೆರಾಕ್ಸ್ ಅಂಗಡಿಯವರನ್ನು ಮಾತಾಡಿಸಿ. "ಜನ ಯಾವುದನ್ನು ಓದದೇ ಸಹಿ ಹಾಕ್ತಾರೆ?" ಅಂತ ಒಂದೇ ಪ್ರಶ್ನೆ ಕೇಳಿ. ಎರಡು ತಿಂಗಳಿಗಾಗುವಷ್ಟು ವಿಷಯ ಅಲ್ಲೇ ಸಿಗುತ್ತದೆ. ಮನೆ ತೋರಿಸುವ ಬ್ರೋಕರ್, ಸಾಮಾನು ಸಾಗಿಸುವ ಟೆಂಪೋ ಚಾಲಕ, ಇವರಿಗೂ ದಿನಾ ಅವೇ ಪ್ರಶ್ನೆ ಬರುತ್ತಿರುತ್ತವೆ.

ಮೂರನೆಯದು ಹುಡುಕಾಟದ ಪೆಟ್ಟಿಗೆ. ಗೂಗಲ್‌ನಲ್ಲಿ "ಬಾಡಿಗೆ ಮನೆ" ಅಂತ ಬರೆದು ಒಂದು ಜಾಗ ಬಿಟ್ಟು "ಅ" ಹಾಕಿ, ಏನು ಸೂಚಿಸುತ್ತದೆ ನೋಡಿ. ಅದನ್ನು ಅಳಿಸಿ "ಕ" ಹಾಕಿ, "ನ" ಹಾಕಿ. ಯೂಟ್ಯೂಬ್‌ನಲ್ಲೂ ಹೀಗೇ ಮಾಡಿ. ಅಲ್ಲಿ ವಿಡಿಯೋ ಪೂರ್ತಿ ನೋಡಬೇಕಿಲ್ಲ. ಕೆಳಗಿನ ಕಾಮೆಂಟುಗಳಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಮಾತ್ರ ಎತ್ತಿಕೊಳ್ಳಿ. ಆ ಜಾಗ ನಿಮಗಾಗಿ ಖಾಲಿ ಇದೆ ಅಂತ ಅರ್ಥ.

ಬರೆದುಕೊಳ್ಳುವಾಗ ಒಂದು ಕಟ್ಟುನಿಟ್ಟು: ಕೇಳಿದ ಹಾಗೇ ಬರೆಯಿರಿ. "ಓನರ್ ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ಏನ್ ಮಾಡ್ಲಿ?" ಅಂತ ಕೇಳಿದ್ದರೆ ಅದೇ ಇರಲಿ. ಅದನ್ನು "ಭದ್ರತಾ ಠೇವಣಿ ಮರುಪಾವತಿಯ ವಿಧಾನ" ಅಂತ ತಿದ್ದಿದ ಕೂಡಲೇ ಕೇಳಿದವರ ದನಿ ಹೋಗಿಬಿಡುತ್ತದೆ. ಬರೆಯಲು ಕೂತಾಗ ನಿಮ್ಮ ಕೈ ಓಡಬೇಕಾದರೆ ಆ ದನಿ ಬೇಕು.

ಶೀಟಿನಲ್ಲಿ ಐದು ಕಾಲಂ ಸಾಕು: ಪ್ರಶ್ನೆ, ಕೇಳಿದವರು ಎಂಥವರು, ಎಲ್ಲಿ ಸಿಕ್ಕಿತು, ಕೇಳುವ ಮುಂಚೆ ಏನಾಗಿತ್ತು, ದಿನಾಂಕ. ನಾಲ್ಕನೇ ಕಾಲಂ ಬಹಳ ಮುಖ್ಯ. "ಅಡ್ವಾನ್ಸ್ ಎಷ್ಟು ಕೊಡಬೇಕು?" ಅನ್ನುವವರು ಈಗಷ್ಟೇ ಒಂದು ಮನೆ ನೋಡಿ ಬಂದಿರುತ್ತಾರೆ. ಓನರ್ ಹೇಳಿದ ಮೊತ್ತ ಕೇಳಿ ಎದೆ ಧಸಕ್ ಅಂದಿರುತ್ತದೆ. ಅವರ ನಿಜವಾದ ಪ್ರಶ್ನೆ "ಇಷ್ಟು ದುಡ್ಡು ಕೊಟ್ಟರೆ ವಾಪಸ್ ಬರುತ್ತಾ?" ಅನ್ನುವುದು. ಬರಹ ಆ ಭಯಕ್ಕೆ ಉತ್ತರ ಕೊಡಬೇಕು.

ಎಚ್ಚರಿಕೆ: ಹೆಸರು, ಫೋನ್ ನಂಬರ್, ಸ್ಕ್ರೀನ್‌ಶಾಟ್ ಯಾವುದನ್ನೂ ಶೀಟಿಗೆ ಹಾಕಬೇಡಿ. ಯಾರದ್ದಾದರೂ ಪೂರ್ತಿ ಕತೆ ಬಳಸುವುದಿದ್ದರೆ ಅವರನ್ನು ಕೇಳಿಯೇ ಬಳಸಿ. ಗುಂಪಿನಲ್ಲಿ ನಂಬಿ ಹೇಳಿಕೊಂಡದ್ದು ಬ್ಲಾಗಿನಲ್ಲಿ ಕಂಡರೆ ಆ ಗುಂಪಿನ ಬಾಗಿಲು ನಿಮಗೆ ಮುಚ್ಚಿದ ಹಾಗೇ.

ಹತ್ತು ದಿನಕ್ಕೆ ಐವತ್ತು ಪ್ರಶ್ನೆ ಆಗಬೇಕು. ಮೂವತ್ತಕ್ಕೇ ನಿಂತರೆ ಸುಮ್ನೆ ಮುಂದೆ ಹೋಗಬೇಡಿ. ಇನ್ನೊಂದು ವಾರ ಕೇಳಿಸಿಕೊಳ್ಳಿ.

## ಹಂತ 3: ಅವರ ಪದ ಯಾವುದು ಅಂತ ಗೊತ್ತುಮಾಡಿ

ಒಂದೇ ವಸ್ತುವಿಗೆ ಮುಂಗಡ, ಅಡ್ವಾನ್ಸ್, ಡೆಪಾಸಿಟ್, ಠೇವಣಿ ಅಂತ ನಾಲ್ಕು ಹೆಸರಿವೆ. ಬೆಂಗಳೂರಿನ ಬೀದಿಯಲ್ಲಿ ಓಡುವುದು ಅಡ್ವಾನ್ಸ್. ಶೀರ್ಷಿಕೆಯಲ್ಲಿ ಅದೇ ಇರಲಿ. ಒಳಗೆ ಒಂದು ಸಲ "ಕರಾರು ಪತ್ರದಲ್ಲಿ ಇದನ್ನೇ ಭದ್ರತಾ ಠೇವಣಿ ಎಂದು ಬರೆದಿರುತ್ತಾರೆ" ಅಂತ ಹೇಳಿ. ಪತ್ರ ಕೈಗೆ ಬಂದಾಗ ಓದುಗರು ಗಲಿಬಿಲಿ ಆಗುವುದಿಲ್ಲ.

ಅರ್ಥವೇ ಬೇರೆಯಾಗುವ ಪದಗಳೂ ಇವೆ. "ಲೀಸ್‌ಗೆ ಮನೆ" ಅಂದರೆ ಇಲ್ಲಿ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವುದು. ಹಳಬರು ಭೋಗ್ಯ ಅನ್ನುತ್ತಾರೆ. ಕಾನೂನಿನ ಭಾಷೆಯಲ್ಲಿ ಮಾಮೂಲಿ ಬಾಡಿಗೆಯೂ ಲೀಸೇ. ಹೊಸದಾಗಿ ಬಂದವರು ಇಲ್ಲಿ ಎಡವುತ್ತಾರೆ. ಇಂಥ ಪದ ಸಿಕ್ಕರೆ ಗುರುತು ಹಾಕಿಡಿ. ಅದೇ ಒಂದು ಬರಹ.

ಎರಡು ಪದದ ನಡುವೆ ಅನುಮಾನ ಬಂದರೆ ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಅಂತ ಆರಿಸಿ ಎರಡನ್ನೂ ಹೋಲಿಸಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕುವವರು ಬಹಳ ಇದ್ದಾರೆ, ಹಾಗೆ ಬರೆದೂ ಹಾಕಿ ನೋಡಿ. ಅಲ್ಲಿ ಗ್ರಾಫಿನ ಗೆರೆ ಬರದಿದ್ದರೆ ಚಿಂತೆ ಬೇಡ. ಶೀಟಿನ ಐವತ್ತು ಪ್ರಶ್ನೆಗಳಲ್ಲಿ ಯಾವ ಪದ ಜಾಸ್ತಿ ಸಲ ಬಂದಿದೆ ಅಂತ ಎಣಿಸಿ. ನಾನು ಆ ಎಣಿಕೆಯನ್ನೇ ಹೆಚ್ಚು ನಂಬುತ್ತೇನೆ.

## ಹಂತ 4: ಸೋಸಿ

ಐವತ್ತೂ ಬರೆಯಬೇಕಿಲ್ಲ. ಪ್ರತಿ ಪ್ರಶ್ನೆಯನ್ನು ಮೂರು ಜರಡಿಗೆ ಹಾಕಿ. ಬೇರೆ ಬೇರೆ ಮೂವರಾದರೂ ಇದನ್ನು ಕೇಳಿದ್ದಾರಾ? ನಾನು ಅನುಭವದಿಂದ, ಇಲ್ಲವೇ ನೇರ ವಿಚಾರಿಸಿ ಉತ್ತರ ಹೇಳಬಲ್ಲೆನಾ? ಓದಿದ ಮೇಲೆ ಓದುಗರು ಇವತ್ತೇ ಏನಾದರೂ ಮಾಡಬಹುದಾ? ಮೂರಕ್ಕೂ ಹೌದು ಬಂದರೆ ಉಳಿಸಿ. ಎರಡನೆಯದಕ್ಕೆ ಇಲ್ಲ ಬಂದರೆ ಎಷ್ಟೇ ಜನ ಕೇಳಿದ್ದರೂ ಪಕ್ಕಕ್ಕಿಡಿ.

ಇಲ್ಲಿ ಆಗುವ ದೊಡ್ಡ ತಪ್ಪು, ಎಲ್ಲರೂ ಹಂಚುತ್ತಿರುವ ಸುದ್ದಿಗೆ ಓಡುವುದು. "ಇನ್ನು ಮುಂದೆ ಎರಡೇ ತಿಂಗಳ ಅಡ್ವಾನ್ಸ್" ಅನ್ನುವ ಮಾತು ಆಗಾಗ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಅದರ ಮೂಲ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅಂತ ಅದು ಹೇಳುತ್ತದೆ, ನಿಜ. ಆದರೆ ಅದು ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ತಂದರೆ ಮಾತ್ರ ಅನ್ವಯ. ಈ ಒಂದು ಸಾಲು ಬಿಟ್ಟು ಬರೆದರೆ, ನಿಮ್ಮ ಬರಹ ನಂಬಿದ ದಂಪತಿ ಓನರ್ ಮುಂದೆ ಫೋನ್ ಹಿಡಿದು ವಾದಿಸಿ, ಮನೆಯನ್ನೂ ಕಳೆದುಕೊಂಡು ಬರುತ್ತಾರೆ. ತಪ್ಪು ಮಾಹಿತಿಯ ಬೆಲೆ ಕಟ್ಟುವವರು ಓದುಗರು. ಅದಕ್ಕೇ ಈ ಜರಡಿಯ ವಿಷಯದಲ್ಲಿ ನಾನು ಬಿಗಿ.

## ಹಂತ 5: ಒಂದು ಪ್ರಶ್ನೆಯನ್ನು ಎಳೆ ಎಳೆಯಾಗಿ ಬಿಡಿಸಿ

ಸೋಸಿದ ಮೇಲೆ ಹದಿನೈದು ಇಪ್ಪತ್ತು ಪ್ರಶ್ನೆ ಉಳಿಯುತ್ತವೆ. ಇಷ್ಟೇನಾ ಅನಿಸುತ್ತದೆ. ಒಂದೊಂದರಲ್ಲೂ ಆರೇಳು ಬರಹ ಅಡಗಿವೆ. ಅವನ್ನು ಹೊರಗೆ ತೆಗೆಯುವ ಸುಲಭದ ದಾರಿ, ಓದುಗರ ಜೊತೆ ಕಾಲದಲ್ಲಿ ನಡೆಯುವುದು: ಮುಂಚೆ, ಆ ದಿನ, ಆಮೇಲೆ, ಕೆಟ್ಟರೆ.

ಅಡ್ವಾನ್ಸ್ ಪ್ರಶ್ನೆಯನ್ನೇ ಬಿಡಿಸೋಣ.

ಮನೆ ನೋಡುವ ದಿನ. ಇಷ್ಟವಾದ ಕೂಡಲೇ ಟೋಕನ್ ಕೊಡಿ ಅನ್ನುತ್ತಾರೆ. ಕೊಡುವ ಮುಂಚೆ ಏನು ಕೇಳಬೇಕು? ಮನಸ್ಸು ಬದಲಾದರೆ ಟೋಕನ್ ವಾಪಸ್ ಬರುತ್ತದಾ? ಇದೇ ಒಂದು ಬರಹ.

ಕರಾರಿನ ದಿನ. ಎಲ್ಲ ಕರಾರೂ 11 ತಿಂಗಳಿಗೇ ಯಾಕೆ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರುವ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳ ರೂಢಿ ಬಂದಿದೆ. ಬಾಡಿಗೆದಾರರಿಗೆ ಇದರಿಂದ ಏನು ಅನುಕೂಲ, ಏನು ತೊಂದರೆ ಅನ್ನುವುದು ಎರಡನೇ ಬರಹ.

ಒಳಗೆ ಹೋಗುವ ದಿನ. ಹಾಲು ಉಕ್ಕಿಸುವ ಮುಂಚೆ ಗೋಡೆ, ನಲ್ಲಿ, ಸ್ವಿಚ್, ಕಿಟಕಿಯ ಗಾಜು ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಬೇಕು. ಬಿಡುವಾಗ ಜಗಳ ಆಗುವುದು ಇದೇ ವಿಷಯಕ್ಕೆ. ಮೂರನೆಯದು.

ಇರುವಾಗ. ಗೃಹ ಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಳೆ ಮನೆಯ ಆರ್‌ಆರ್ ನಂಬರಿನಿಂದ (ವಿದ್ಯುತ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಆಧಾರ್ ಬಿಡಿಸಿ ಹೊಸ ಮನೆಗೆ ಜೋಡಿಸುವುದು ಹೇಗೆ? ಇದು ಅಡ್ವಾನ್ಸ್ ವಿಷಯ ಅಲ್ಲ ಅನಿಸಬಹುದು. ಆದರೆ ಆ ಓದುಗರ ಮುಂದಿನ ಪ್ರಶ್ನೆ ಇದೇ ಆಗಿರುತ್ತದೆ.

ಬಿಡುವಾಗ. ಎಷ್ಟು ದಿನ ಮುಂಚೆ ಹೇಳಬೇಕು? ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇಲ್ಲಿದೆ. ಕರಾರಿನಲ್ಲಿ ಆ ಸಾಲು ಇದೆಯಾ ಅಂತ ಹೇಗೆ ನೋಡುವುದು?

ಕೆಟ್ಟರೆ. ಓನರ್ ದುಡ್ಡು ಕೊಡದಿದ್ದರೆ ಮೊದಲ ಹೆಜ್ಜೆ ಏನು, ಯಾವ ಕಾಗದ ಕೈಯಲ್ಲಿರಬೇಕು?

ಆರು ಬರಹ ಆಯಿತು. ಇನ್ನು ಇದೇ ಪಟ್ಟಿಯನ್ನು ಒಂದನೇ ಹಂತದ ಕೋಚಿಂಗ್ ಹುಡುಗನ ಕಣ್ಣಿನಿಂದ ನೋಡಿ. ಮೂವರು ಸೇರಿ ಅಡ್ವಾನ್ಸ್ ಕೊಟ್ಟಾಗ ಒಬ್ಬ ಮಧ್ಯದಲ್ಲಿ ಬಿಟ್ಟು ಹೋದರೆ ಅವನ ಪಾಲು ಯಾರು ಕೊಡಬೇಕು? ಇದು ದಂಪತಿಗೆ ಹುಟ್ಟದ ಪ್ರಶ್ನೆ. ಆರು ತಿಂಗಳಾದ ಮೇಲೆ ಓದುಗರ ವಲಯ ಹಿಗ್ಗಿಸುವಾಗ ಇಂಥವೇ ಬೇಕಾಗುತ್ತವೆ. ಈಗ ಬರೆದಿಟ್ಟುಕೊಳ್ಳಿ, ಸಾಕು.

ಈಗ ಶೀರ್ಷಿಕೆ ಬರೆಯಿರಿ. ಪ್ರತಿ ಶೀರ್ಷಿಕೆಯ ಕೆಳಗೆ ಉತ್ತರವನ್ನು ಎರಡೇ ಸಾಲಿನಲ್ಲಿ ಬರೆಯಿರಿ. ಎರಡು ಶೀರ್ಷಿಕೆಗೆ ಒಂದೇ ಉತ್ತರ ಬಂದರೆ ಅವು ಒಂದೇ ಬರಹ, ಕೂಡಿಸಿಬಿಡಿ. ಎರಡು ಸಾಲಿನ ಉತ್ತರವೇ ಬರದಿದ್ದರೆ ನೀವಿನ್ನೂ ವಿಚಾರಿಸಿಲ್ಲ ಅಂತ ಅರ್ಥ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

## ಹಂತ 6: ಬೆಂಗಳೂರಿನ ವರ್ಷಕ್ಕೆ ಕೂಡಿಸಿ

ಜನ ಯಾವಾಗ ಏನು ಹುಡುಕುತ್ತಾರೆ ಅನ್ನುವುದು ಊರಿನ ಬದುಕಿನಲ್ಲೇ ಇದೆ. ಶಾಲೆ ಶುರುವಾಗುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಮನೆ ಬದಲಿಸುವವರು ಜಾಸ್ತಿ. ಆಷಾಢದಲ್ಲಿ ಹೆಚ್ಚಿನವರು ಹೊಸ ಮನೆಗೆ ಹೋಗುವುದಿಲ್ಲ. ಧನುರ್ಮಾಸದಲ್ಲೂ ಹಿಂಜರಿಯುತ್ತಾರೆ. ಹಾಗಾಗಿ ಶ್ರಾವಣದಲ್ಲಿ ಮತ್ತೆ ಓಡಾಟ, ಸಂಕ್ರಾಂತಿ ಆದ ಮೇಲೆ ಇನ್ನೊಮ್ಮೆ. ಆಷಾಢದಲ್ಲಿ ಹೋಗಲು ಅಭ್ಯಂತರ ಇಲ್ಲದವರಿಗೆ ಚೌಕಾಸಿ ಮಾಡಲು ಅದು ಒಳ್ಳೆ ಸಮಯ. ಇದೂ ಒಂದು ಬರಹ, ಅಲ್ವಾ?

ಇಲ್ಲಿ ಇಂಗ್ಲಿಷ್ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ, ಪಂಚಾಂಗ ನೋಡಿ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಆಷಾಢ ಶುರುವಾಗುವುದೇ ಜುಲೈ ಮಧ್ಯದಲ್ಲಿ. ಹಿಂದಿನ ವರ್ಷದ ತಾರೀಖಿಗೇ ಬರಹ ಹಾಕಿದರೆ ಸಮಯ ತಪ್ಪುತ್ತದೆ.

ಬೇಸಿಗೆಗೆ ನೀರು. 2024ರ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಆ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಗಳಿಗೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಅಲ್ಲಿಂದ ಮನೆ ನೋಡುವವರು "ಕಾವೇರಿನಾ, ಬೋರ್‌ವೆಲ್ಲಾ, ಟ್ಯಾಂಕರಾ?" ಅಂತ ಕೇಳುವುದು ಹೆಚ್ಚಿದೆ. ಮಳೆ ಇಲ್ಲಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜೋರು. ತಗ್ಗಿನ ಬೀದಿ, ಸೋರುವ ಸೂರು, ಗೋಡೆಯ ತೇವ ಹೇಗೆ ಗುರುತಿಸುವುದು ಅನ್ನುವ ಬರಹ ಆಗಸ್ಟಿನಲ್ಲೇ ಸಿದ್ಧ ಇರಬೇಕು.

ಯಾವುದನ್ನೂ ಬೇಕಾಗುವ ದಿನ ಹಾಕಬೇಡಿ. ಮೂರು ನಾಲ್ಕು ವಾರ ಮುಂಚೆ ಹಾಕಿ. ಹುಡುಕಾಟದಲ್ಲಿ ಕಾಣಿಸಿಕೊಳ್ಳಲು ಹೊಸ ಬರಹಕ್ಕೆ ಸಮಯ ಹಿಡಿಯುತ್ತದೆ.

## ಹಂತ 7: ಬರೆಯುವಾಗಲೇ ಮುಂದಿನ ಬಳಕೆಗೆ ಸಜ್ಜು ಮಾಡಿ

ಮರುಬಳಕೆ ಕಷ್ಟವಾಗುವುದು ಮೊದಲ ಸಲ ಬರೆದ ರೀತಿಯಿಂದ. ಬರಹದಲ್ಲಿ ಹತ್ತು ವರ್ಷ ಉಳಿಯುವ ಮಾತು ಇರುತ್ತದೆ, ಹತ್ತು ತಿಂಗಳಿಗೆ ಹಳಸುವ ಮಾತೂ ಇರುತ್ತದೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ. ಶುಲ್ಕ, ಅರ್ಜಿಯ ಹೆಜ್ಜೆ, ಕಚೇರಿಯ ಹೆಸರು, ಮೆಟ್ರೋ ದರ ಎಲ್ಲವನ್ನೂ ಒಂದು ಚೌಕದಲ್ಲಿ ಹಾಕಿ. ಕೆಳಗೆ "ಈ ಮಾಹಿತಿ ನೋಡಿದ ದಿನ" ಅಂತ ತಾರೀಖು ಬರೆಯಿರಿ. ಮುಂದೆ ತಿದ್ದಬೇಕಾದದ್ದು ಆ ಚೌಕ ಮಾತ್ರ. "ಇತ್ತೀಚೆಗೆ", "ಕಳೆದ ತಿಂಗಳು" ಅಂತ ಬರೆಯುವ ಜಾಗದಲ್ಲಿ ತಿಂಗಳು, ವರ್ಷ ಬರೆಯಿರಿ.

ಕೊಂಡಿಯ ವಿಳಾಸದಲ್ಲಿ ಇಸವಿ ಹಾಕಬೇಡಿ. ನಾನು 2022ರಲ್ಲಿ ಒಂದು ಬರಹದ ವಿಳಾಸಕ್ಕೆ ಇಸವಿ ಸೇರಿಸಿದ್ದೆ. ಮುಂದಿನ ವರ್ಷ ಒಳಗೆಲ್ಲ ತಿದ್ದಿದೆ. ಆದರೂ ವಿಳಾಸ ನೋಡಿದವರು ಹಳೆಯದು ಅಂತ ಮುಂದೆ ಹೋದರು. ವಿಳಾಸ ಬದಲಿಸಿದಾಗ ವಾಟ್ಸಾಪ್‌ನಲ್ಲಿ ಹಂಚಿಹೋಗಿದ್ದ ಹಳೆ ಕೊಂಡಿಗಳೆಲ್ಲ ಮುರಿದವು. ಹಾಗೆ ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ, ಹಳೆ ಕೊಂಡಿ ಒತ್ತಿದವರನ್ನು ಅದು ತಾನಾಗಿ ಹೊಸ ವಿಳಾಸಕ್ಕೆ ಕಳಿಸುತ್ತದೆ. ಆಗ ನನಗೆ ಅದು ಗೊತ್ತಿರಲಿಲ್ಲ.

ವಿಳಾಸದಲ್ಲಿ ಕನ್ನಡ ಅಕ್ಷರ ಹಾಕಿದರೆ, ನಕಲಿಸಿ ಅಂಟಿಸುವಾಗ ಎಷ್ಟೋ ಕಡೆ ಅದು ಶೇಕಡಾ ಚಿಹ್ನೆ, ಅಂಕಿಗಳ ಉದ್ದ ಸಾಲಾಗಿಬಿಡುತ್ತದೆ. ನೋಡಿದವರಿಗೆ ಮೋಸದ ಕೊಂಡಿಯಂತೆ ಕಾಣುತ್ತದೆ. ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದ ಮೂರು ನಾಲ್ಕು ಪದ ಇರಲಿ.

## ಹಂತ 8: ಮೂರು ತಿಂಗಳಿಗೊಮ್ಮೆ ಹಳೆಯದನ್ನು ತೆಗೆದು ನೋಡಿ

ಹೊಸ ವಿಷಯಕ್ಕೆ ಅಲೆಯುವ ಮುಂಚೆ ಮನೆಯಲ್ಲಿರುವುದನ್ನು ನೋಡಬೇಕು. ಒಂದು ಭಾನುವಾರ ಕೂತು ಎಲ್ಲ ಬರಹಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಒಂದೇ ಪದ ಬರೆಯಿರಿ: ಬಿಡು (ಇದ್ದ ಹಾಗೇ ಇರಲಿ), ತಿದ್ದು, ಕೂಡಿಸು, ಬೆಳೆಸು.

ತಿದ್ದು. ಬೆಂಗಳೂರಿನ ಮೇಲೆ ಬರೆಯುವವರಿಗೆ ಈ ಕೆಲಸ ಮುಗಿಯುವುದೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆಗಳು ಬಂದವು. "ಬಿಬಿಎಂಪಿ ಕಚೇರಿಗೆ ಹೋಗಿ" ಅಂತ ಇರುವ ಪ್ರತಿ ಸಾಲೂ ಹಳೆಯದಾಯಿತು. ಅದೇ ವರ್ಷ ಆಗಸ್ಟ್ 10ಕ್ಕೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಹಳದಿ ಮಾರ್ಗದ ಉದ್ಘಾಟನೆ ಆಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇದ್ದವರು ಎಲ್ಲಿ ಮನೆ ಹುಡುಕಬೇಕು ಅನ್ನುವ ಲೆಕ್ಕವೇ ಬದಲಾಯಿತು. ಅದಕ್ಕೂ ಮುಂಚೆ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತ್ತು. ತಿಂಗಳ ಖರ್ಚಿನ ಲೆಕ್ಕ ಕೊಟ್ಟಿದ್ದ ಬರಹಗಳೆಲ್ಲ ತಪ್ಪಾದವು. ಇಂಥ ಒಂದು ಸುದ್ದಿ ಬಂದ ದಿನ, ನಿಮ್ಮ ಬ್ಲಾಗಿನ ಹುಡುಕು ಜಾಗದಲ್ಲಿ ಆ ಪದ ಹಾಕಿ. ಎಷ್ಟು ಬರಹದಲ್ಲಿದೆ ನೋಡಿ, ಎಲ್ಲವನ್ನೂ ತಿದ್ದಿ. ಒಳಗೆ ಏನೂ ತಿದ್ದದೆ ತಾರೀಖು ಮಾತ್ರ ಹೊಸದು ಮಾಡುವುದು ಓದುಗರಿಗೆ ಮಾಡುವ ಮೋಸ. ಹಾಗೆ ಮಾಡಬೇಡಿ.

ಕೂಡಿಸು. ಸರ್ಚ್ ಕನ್ಸೋಲ್‌ನಲ್ಲಿ ಒಂದು ಹುಡುಕಾಟವನ್ನು ಒತ್ತಿ, ಅದಕ್ಕೆ ನಿಮ್ಮ ಯಾವ ಪುಟಗಳು ಕಾಣುತ್ತಿವೆ ಅಂತ ನೋಡಿ. ಎರಡು ಪುಟ ಒಂದೇ ಪ್ರಶ್ನೆಗೆ ಬರುತ್ತಿದ್ದರೆ ಅವು ಒಂದನ್ನೊಂದು ಹಿಂದಕ್ಕೆ ಎಳೆಯುತ್ತಿರಬಹುದು. ಚೆನ್ನಾಗಿರುವುದನ್ನು ಉಳಿಸಿ, ಇನ್ನೊಂದರ ಒಳ್ಳೆ ಭಾಗ ಅದಕ್ಕೆ ಸೇರಿಸಿ, ಹಳೆ ವಿಳಾಸವನ್ನು ಇದಕ್ಕೆ ತಿರುಗಿಸಿ.

ಬೆಳೆಸು. ಹೊಸ ವಿಷಯದ ಗಣಿ ಇಲ್ಲಿದೆ. ಪುಟ ಬಹಳ ಸಲ ಕಾಣಿಸಿದೆ, ಒತ್ತಿದವರು ಕಡಿಮೆ ಅಂದರೆ ಶೀರ್ಷಿಕೆ ಓದುಗರ ಪದದಲ್ಲಿ ಇಲ್ಲದಿರಬಹುದು, ಮೂರನೇ ಹಂತಕ್ಕೆ ಹೋಗಿ. ನೀವು ಉತ್ತರವೇ ಕೊಡದ ಪ್ರಶ್ನೆಗೆ ನಿಮ್ಮ ಪುಟ ಕಾಣಿಸಿದೆ ಅಂದರೆ, ಅದಕ್ಕೆ ಸರಿಯಾದ ಉತ್ತರ ಬೇರೆ ಕಡೆಯೂ ಇಲ್ಲದಿರಬಹುದು. ಅಡ್ವಾನ್ಸ್ ಬಗ್ಗೆ ಬರೆದ ಪುಟಕ್ಕೆ "ಓನರ್ ಮನೆ ಮಾರಿದರೆ ಅಡ್ವಾನ್ಸ್ ಯಾರು ಕೊಡಬೇಕು" ಅಂತ ಹುಡುಕಿದವರು ಬಂದಿದ್ದರೆ ನಿಮ್ಮ ಮುಂದಿನ ಬರಹ ಅದೇ. ಶೀಟಿಗೆ ಸೇರಿಸಿ.

## ಹಂತ 9: ಅದನ್ನೇ ಬೇರೆ ರೂಪದಲ್ಲಿ ಕೊಡಿ

ಉದ್ದದ ಬರಹ ಓದದವರೂ ನಿಮ್ಮ ಓದುಗರೇ. ಒಳಗೆ ಹೋಗುವ ದಿನದ ಫೋಟೋ ಪಟ್ಟಿಯನ್ನು ಒಂದೇ ಚಿತ್ರವಾಗಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕರಾರಿನಲ್ಲಿ ನೋಡಬೇಕಾದ ಸಾಲುಗಳನ್ನು ಒಂದು ನಿಮಿಷದ ವಿಡಿಯೋ ಮಾಡಿ, ಪತ್ರದ ಮೇಲೆ ಬೆರಳಿಟ್ಟು ತೋರಿಸಿ. ಹಾಸನದ ಅಪ್ಪನಂಥವರಿಗೆ ಎರಡು ನಿಮಿಷದ ಧ್ವನಿ ಸಂದೇಶ ಚೆನ್ನಾಗಿ ತಲುಪುತ್ತದೆ.

ಪ್ರತಿ ರೂಪವೂ ತನ್ನಷ್ಟಕ್ಕೆ ಪೂರ್ತಿ ಇರಬೇಕು. "ಉತ್ತರಕ್ಕೆ ಕೊಂಡಿ ಒತ್ತಿ" ಅಂತ ಅರ್ಧಕ್ಕೆ ನಿಲ್ಲಿಸಿದರೆ ಜನ ಒಂದೆರಡು ಸಲ ಒತ್ತುತ್ತಾರೆ, ಆಮೇಲೆ ನಿಮ್ಮ ಸಂದೇಶ ತೆರೆಯುವುದೇ ಇಲ್ಲ. ಪೂರ್ತಿ ಬರಹವನ್ನು ಹಾಗೇ ಇನ್ನೊಂದು ತಾಣಕ್ಕೆ ಅಂಟಿಸುವುದೂ ಬೇಡ. ಹುಡುಕಾಟದಲ್ಲಿ ನಿಮ್ಮದರ ಬದಲು ಆ ನಕಲು ಮೇಲೆ ಬರಬಹುದು. ಅಲ್ಲಿ ಹಾಕಲೇಬೇಕಾದರೆ, ಮೂಲ ಇದು ಅಂತ ಹೇಳುವ ಕೆನಾನಿಕಲ್ ಕೊಂಡಿ ಹಾಕಲು ಅವಕಾಶ ಇದೆಯಾ ನೋಡಿ.

ನಾನು ಈಗ ಇದನ್ನು ಹಿಂದು ಮುಂದು ಮಾಡುತ್ತೇನೆ. ಮೊದಲು ವಾಟ್ಸಾಪ್‌ನಲ್ಲಿ ಐದು ಸಾಲಿನ ಉತ್ತರ. ಅದಕ್ಕೆ ಬಂದ ಮರುಪ್ರಶ್ನೆಗಳನ್ನು ಎರಡು ದಿನ ಕೂಡಿಹಾಕುತ್ತೇನೆ. ಆಮೇಲೆ ಉದ್ದದ ಬರಹ. ಎಲ್ಲಿ ಅರ್ಥವಾಗಲಿಲ್ಲ ಅಂತ ಜನರೇ ಹೇಳಿರುತ್ತಾರೆ.

## ದಾರಿ ತಪ್ಪುತ್ತಿದೆ ಅನ್ನುವ ಸೂಚನೆಗಳು

ಶೀಟಿಗೆ ಎರಡು ವಾರದಿಂದ ಹೊಸ ಪ್ರಶ್ನೆ ಸೇರಿಲ್ಲ. ಶೀರ್ಷಿಕೆಯಲ್ಲಿ "ಸಂಪೂರ್ಣ ಮಾಹಿತಿ", "ನಿಮಗೆ ಗೊತ್ತೇ" ಅನ್ನುವ ಪದಗಳು ಪದೇ ಪದೇ ಬರುತ್ತಿವೆ. ಹೊಸ ಬರಹದ ಮೊದಲ ಎರಡು ಪ್ಯಾರಾ ಹಳೆಯದರ ಹಾಗೇ ಇವೆ. ಬೇರೆ ಬ್ಲಾಗ್ ತೆರೆದಿಟ್ಟುಕೊಂಡೇ ಬರೆಯುತ್ತಿದ್ದೀರಿ. ಓದಿದವರು "ಚೆನ್ನಾಗಿದೆ" ಅನ್ನುತ್ತಾರೆ, ಆದರೆ ಯಾರೂ ಮರುಪ್ರಶ್ನೆ ಕೇಳುತ್ತಿಲ್ಲ. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಿಜವಾಗಿ ಮನೆ ಹುಡುಕುತ್ತಿರುವವರಿಗೆ ಒಂದು ಉತ್ತರ ಸಿಕ್ಕ ಕೂಡಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ.

ಇವುಗಳಲ್ಲಿ ಎರಡು ಕಂಡರೂ ಬರೆಯುವುದನ್ನು ಒಂದು ವಾರ ನಿಲ್ಲಿಸಿ. ಒಂದನೇ ಹಂತದಲ್ಲಿ ಫೋನ್ ಮಾಡಿದ್ದ ಆ ಮೂವರಿಗೇ ಮತ್ತೆ ಫೋನ್ ಮಾಡಿ. ಅವರು ಈಗ ಬಾಡಿಗೆ ಮನೆಯಲ್ಲಿ ಒಂದು ಮಳೆಗಾಲ ಕಳೆದಿರುತ್ತಾರೆ. ಏನು ಕೆಟ್ಟಿತು, ಯಾರನ್ನು ಕೇಳಿದಿರಿ, ಯಾರೂ ಹೇಳದೇ ಇದ್ದದ್ದು ಯಾವುದು ಅಂತ ಕೇಳಿ. ಹೇಳಿದ್ದನ್ನು ಹೇಳಿದ ಹಾಗೇ ಶೀಟಿಗೆ ಇಳಿಸಿ.